ಬೆಸುಗೆ ಒಂದೇ ಕಡೆ: ಬಿರ್‌ಎ ಎಂಬ ಕಟ್ಟುನಿಟ್ಟಿನ ಕಿಣ್ವ

ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಯ ಪ್ರೊಟೀನುಗಳನ್ನು ತಯಾರಿಸುವ ವಂಶವಾಹಿಗಳಿವೆ. ಈ ಪ್ರೊಟೀನುಗಳಲ್ಲಿ ಬಹುಪಾಲಿನವುಗಳಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಒಂದೆರಡಲ್ಲ, ಹಲವು ಕಡೆ ಇರುತ್ತದೆ. ಸಂತೆಯಲ್ಲಿನ ಜನರಂತೆ ಲೈಸೀನ್‌ಗಳು ಕಿಕ್ಕಿರಿದಿರುವ ಆ ಪುಟ್ಟ ಜೀವಕೋಶದೊಳಗೆ ಒಂದು ಕಿಣ್ವವಿದೆ. ಅದು ಅವೆಲ್ಲವನ್ನೂ ಬದಿಗಿಟ್ಟು, ಒಂದೇ ಒಂದು ಪ್ರೊಟೀನಿನ ಒಂದೇ ಒಂದು ಲೈಸೀನನ್ನು ಗುರುತಿಸಿ, ಅದಕ್ಕೆ ಬಯೋಟಿನ್ ಎಂಬ ಜೀವಸತ್ವವನ್ನು ಬೆಸೆಯುತ್ತದೆ. ಉಳಿದ ಯಾವ ಲೈಸೀನನ್ನೂ ಮುಟ್ಟುವುದಿಲ್ಲ.

ಈ ಕಿಣ್ವದ ಹೆಸರು ಬಿರ್‌ಎ. ಬ್ಯಾಕ್ಟೀರಿಯಾದ ಪಾಲಿಗೆ ಅದು ದಿನನಿತ್ಯದ ಕೆಲಸಗಾರ. ಆದರೆ ಕಳೆದ ಮೂರು ದಶಕಗಳಿಂದ ರೋಗನಿರೋಧಕ ಶಕ್ತಿಯನ್ನು ಅಳೆಯುವವರು, ಲಸಿಕೆಗಳನ್ನು ಪರೀಕ್ಷಿಸುವವರು, ಜೀವಕೋಶದೊಳಗೆ ಯಾರ ಪಕ್ಕ ಯಾರಿದ್ದಾರೆಂದು ಹುಡುಕುವವರು ಇದರ ಕಟ್ಟುನಿಟ್ಟನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಅದೇ ಕಟ್ಟುನಿಟ್ಟನ್ನು ಬೇಕೆಂದೇ ಸಡಿಲಿಸಿ ಇನ್ನೊಂದು ಉಪಕರಣವನ್ನೂ ಮಾಡಿಕೊಂಡಿದ್ದಾರೆ.

ಮೊಟ್ಟೆಯಿಂದ ಆರಂಭ

ಬಯೋಟಿನ್ ಕಥೆ ಶುರುವಾಗುವುದು ಮೊಟ್ಟೆಯ ಬಿಳಿ ಲೋಳೆಯಿಂದ. 1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಮಾರ್ಗರೆಟ್ ಬೋಸ್ ಎಂಬ ವಿಜ್ಞಾನಿ ಇಲಿಗಳಿಗೆ ಪ್ರೊಟೀನಿನ ಮೂಲವಾಗಿ ಬೇಯಿಸದ, ಒಣಗಿಸಿದ ಬಿಳಿ ಲೋಳೆಯನ್ನಷ್ಟೇ ಕೊಟ್ಟರು. ಇಲಿಗಳ ಚರ್ಮ ಕೆಂಪಾಗಿ ಉರಿಯೂತಕ್ಕೀಡಾಯಿತು, ಕೂದಲು ಉದುರಿತು, ನಡಿಗೆ ತಪ್ಪಿತು. ಯಕೃತ್ತು, ಯೀಸ್ಟ್ ಮುಂತಾದವನ್ನು ಆಹಾರಕ್ಕೆ ಸೇರಿಸಿದಾಗ ಅವು ಚೇತರಿಸಿಕೊಂಡವು. ಚರ್ಮವನ್ನು ಕಾಪಾಡುವ ಈ ಅಜ್ಞಾತ ವಸ್ತುವಿಗೆ ಪಾಲ್ ಜ್ಯೋರ್ಜಿ ಅವರು ಜರ್ಮನ್ ಭಾಷೆಯಲ್ಲಿ ಚರ್ಮವೆಂಬ ಅರ್ಥವಿರುವ 'ಹೌಟ್' ಪದದ ಮೊದಲಕ್ಷರದಿಂದ 'ಎಚ್ ಜೀವಸತ್ವ' ಎಂದು ಹೆಸರಿಟ್ಟರು. 1936ರಲ್ಲಿ ಕ್ಯೋಗ್ಲ್ ಮತ್ತು ಟ್ಯೋನಿಸ್ ಎಂಬ ರಸಾಯನವಿಜ್ಞಾನಿಗಳು ನೂರಾರು ಕಿಲೋ ಒಣಗಿಸಿದ ಬಾತುಕೋಳಿ ಮೊಟ್ಟೆಯ ಹಳದಿ ಲೋಳೆಯನ್ನು ಸಂಸ್ಕರಿಸಿ ಸುಮಾರು ಒಂದು ಮಿಲಿಗ್ರಾಂನಷ್ಟು ಬಯೋಟಿನ್ ಹರಳುಗಳನ್ನು ಪಡೆದರು. ಎರಡೂ ಒಂದೇ ವಸ್ತುವೆಂಬುದು ತಿಳಿದುಬಂದದ್ದು ನಂತರ. 1942ರಲ್ಲಿ ವಿನ್ಸೆಂಟ್ ಡು ವಿನ್ಯೋ ಅವರ ತಂಡ ಅದರ ರಾಸಾಯನಿಕ ರಚನೆಯನ್ನು ಬಿಡಿಸಿತು.

ಬಿಳಿ ಲೋಳೆ ವಿಷವಾದದ್ದು ಏಕೆ? ಅದರಲ್ಲಿ ಬಯೋಟಿನ್ನನ್ನು ಬಾಚಿ ಹಿಡಿದು ಬಿಡದ ಪ್ರೊಟೀನೊಂದಿದೆ ಎಂಬುದನ್ನು 1940ರ ಆಸುಪಾಸಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಎಸ್ಮಂಡ್ ಸ್ನೆಲ್ ಮತ್ತವರ ಸಹೋದ್ಯೋಗಿಗಳು ಕಂಡುಕೊಂಡರು. ಅದರ ಹೆಸರು ಅವಿಡಿನ್. ಬೇಯಿಸಿದಾಗ ಅದರ ಮಡಿಕೆ ಬಿಚ್ಚಿ, ಹಿಡಿತ ಹೋಗುತ್ತದೆ. ಅಪರೂಪಕ್ಕೊಮ್ಮೆ ಹಸಿ ಮೊಟ್ಟೆ ಕುಡಿಯುವವರಿಗೆ ಬಯೋಟಿನ್ ಕೊರತೆಯ ಭಯ ಬೇಕಿಲ್ಲ, ಅದಕ್ಕೆ ಬಹಳ ಕಾಲ ಬಹಳ ಲೋಳೆ ತಿನ್ನಬೇಕು. ಕೋಳಿ ಮೊಟ್ಟೆಯ ಹಳದಿ ಭಾಗದಲ್ಲಿ ಬಯೋಟಿನ್ನನ್ನು ಮರಿಗಾಗಿ ಕೂಡಿಡುವ ಬೇರೆಯೇ ಒಂದು ಪ್ರೊಟೀನಿದೆ. ಮೊಟ್ಟೆಯಲ್ಲಿ ಜೀವಸತ್ವಗಳನ್ನು ಹೊತ್ತು ತರುವ ಇಂಥ ಪ್ರೊಟೀನುಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಆರ್. ಅಡಿಗ ಅವರು ವರ್ಷಗಟ್ಟಲೆ ಸಂಶೋಧನೆ ನಡೆಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಅವಿಡಿನ್ನಿನ ಈ ಹಿಡಿತ ಸಾಮಾನ್ಯದ್ದಲ್ಲ. ಜೀವಜಗತ್ತಿನಲ್ಲಿ ರಾಸಾಯನಿಕ ಬೆಸುಗೆಯಿಲ್ಲದೆ ಕೇವಲ ಹೊಂದಾಣಿಕೆಯಿಂದ ಎರಡು ವಸ್ತುಗಳು ಅಂಟಿಕೊಳ್ಳುವ ಉದಾಹರಣೆಗಳಲ್ಲಿ ಇದು ಅತ್ಯಂತ ಗಟ್ಟಿಯಾದವುಗಳ ಸಾಲಿಗೆ ಸೇರುತ್ತದೆ. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಇದೇ ಗುಣದ ಸ್ಟ್ರೆಪ್ಟವಿಡಿನ್ ಎಂಬ ಪ್ರೊಟೀನು 1960ರ ದಶಕದಲ್ಲಿ ಪತ್ತೆಯಾಯಿತು. ಎರಡಕ್ಕೂ ನಾಲ್ಕು ಕೈಗಳು. ಒಂದೊಂದು ಕೈಯೂ ಒಂದೊಂದು ಬಯೋಟಿನ್ನನ್ನು ಹಿಡಿಯಬಲ್ಲದು. ಈ ನಾಲ್ಕು ಕೈಗಳ ವಿಚಾರ ಮುಂದೆ ಮತ್ತೆ ಬರಲಿದೆ.

ಏತದ ಕೋಲಿನಂತೆ

ಬಯೋಟಿನ್ ದೇಹದಲ್ಲಿ ಮಾಡುವ ಕೆಲಸವೇನು? ಇಂಗಾಲದ ಡೈಆಕ್ಸೈಡನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುವುದು. ಬಾವಿಯಿಂದ ನೀರೆತ್ತಿ ಕಾಲುವೆಗೆ ಹರಿಸುವ ಏತವನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಪ್ರೊಟೀನಿನ ಮೇಲೆ ಚಾಚಿಕೊಂಡಿರುವ ಲೈಸೀನ್ ಏತದ ಕೋಲು. ಅದರ ತುದಿಗೆ ಕಟ್ಟಿದ ಕೊಡವೇ ಬಯೋಟಿನ್. ಕೋಲು ಕಿಣ್ವದ ಒಂದು ಮೂಲೆಗೆ ಬಾಗಿ ಇಂಗಾಲವನ್ನು ತುಂಬಿಕೊಳ್ಳುತ್ತದೆ, ಇನ್ನೊಂದು ಮೂಲೆಗೆ ತಿರುಗಿ ಅದನ್ನು ಬೇರೊಂದು ಅಣುವಿಗೆ ಕೊಡುತ್ತದೆ. ಕೊಬ್ಬಿನಾಮ್ಲಗಳ ತಯಾರಿಕೆಯ ಮೊದಲ ಹೆಜ್ಜೆಯೇ ಇದು. ಮನುಷ್ಯನ ದೇಹದಲ್ಲಿ ಹೀಗೆ ಬಯೋಟಿನ್ ಹೊತ್ತ ಐದು ಕಿಣ್ವಗಳಿವೆ. ಕೊಬ್ಬಿನ ತಯಾರಿಕೆ, ಸಕ್ಕರೆಯ ಮರುತಯಾರಿ, ಕೆಲವು ಅಮೈನೊ ಆಮ್ಲಗಳ ವಿಭಜನೆ ಇವುಗಳ ಹೊಣೆ. ಇ. ಕೋಲಿಯಲ್ಲಿರುವುದು ಒಂದೇ.

ಕೊಡ ಕಟ್ಟದ ಏತದಿಂದ ಯಾರ ಹೊಲಕ್ಕೂ ನೀರು ಬೀಳದು. ಹಾಗೆಯೇ ಕೋಶದೊಳಗೆ ಬಯೋಟಿನ್ ಬೇಕಾದಷ್ಟಿದ್ದರೂ ಪ್ರೊಟೀನಿಗೆ ಬೆಸೆಯದ ಹೊರತು ಅದು ನಿರುಪಯುಕ್ತ. ಆದ್ದರಿಂದಲೇ ಬಿರ್‌ಎ ಇಲ್ಲದೆ ಇ. ಕೋಲಿ ಬದುಕಲಾರದು.

ಎರಡು ಹೆಜ್ಜೆ, ಎರಡು ಉದ್ಯೋಗ

ಬಿರ್‌ಎ 321 ಅಮೈನೊ ಆಮ್ಲಗಳ, ಮಧ್ಯಮ ಗಾತ್ರದ ಪ್ರೊಟೀನು. ಅದರ ಬೆಸುಗೆ ಎರಡು ಹಂತಗಳಲ್ಲಿ ನಡೆಯುತ್ತದೆ. ಬಯೋಟಿನ್ ತಾನಾಗಿ ಲೈಸೀನಿಗೆ ಅಂಟುವುದಿಲ್ಲ, ಅದಕ್ಕೆ ಚೈತನ್ಯ ತುಂಬಬೇಕು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಖರ್ಚುಮಾಡಿ ಬಿರ್‌ಎ ಮೊದಲು ಬಯೋಟಿನ್ನಿಗೆ ಎಎಂಪಿ ಎಂಬ ತುಣುಕನ್ನು ಜೋಡಿಸುತ್ತದೆ. ಈ ಜೋಡಿ ಬಲು ಚುರುಕು; ಎದುರಿಗೆ ಸಿಕ್ಕ ಯಾವ ಲೈಸೀನಿನ ಜೊತೆಯಾದರೂ ಪ್ರತಿಕ್ರಿಯಿಸಿಬಿಡಬಲ್ಲದು. ಅದನ್ನು ಬಯಲಿಗೆ ಬಿಟ್ಟರೆ ಅನಾಹುತ. ಹಾಗಾಗಿ ಕಿಣ್ವವು ತನ್ನ ಮಡಿಕೆಗಳನ್ನು ಅದರ ಮೇಲೆ ಮುಚ್ಚಿ, ಕೆಂಡವನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿದುಕೊಂಡು ಕಾಯುತ್ತದೆ. ಸರಿಯಾದ ಪ್ರೊಟೀನು ಬಂದು ತನ್ನ ಪಕ್ಕದಲ್ಲಿ ಸರಿಯಾದ ಭಂಗಿಯಲ್ಲಿ ಕೂತಾಗಲಷ್ಟೇ ಎರಡನೆಯ ಹೆಜ್ಜೆ: ಬಯೋಟಿನ್ ಲೈಸೀನಿಗೆ ವರ್ಗವಾಗುತ್ತದೆ, ಎಎಂಪಿ ಕಳಚಿ ಬೀಳುತ್ತದೆ.

ಸರಿಯಾದ ಪ್ರೊಟೀನೆಂದು ಅದು ತಿಳಿಯುವುದು ಹೇಗೆ? ಬರೀ ಅಕ್ಷರಗಳ ಸಾಲನ್ನು ಓದಿಯಲ್ಲ, ಆಕಾರವನ್ನು ನೋಡಿ. ಇ. ಕೋಲಿಯ ಆ ಏಕೈಕ ಪ್ರೊಟೀನಿನಲ್ಲಿ 122ನೆಯ ಸ್ಥಾನದ ಲೈಸೀನ್ ಒಂದು ತಿರುವಿನ ತುದಿಯಲ್ಲಿ, ಎರಡು ಮೆಥಿಯೋನೀನ್‌ಗಳ ನಡುವೆ ಎದ್ದು ನಿಂತಿದೆ. ಅದರ ಸುತ್ತಲಿನ ಮಡಿಕೆ ಪೂರ್ತಿ ಇದ್ದರೆ ಮಾತ್ರ ಕಿಣ್ವ ಒಪ್ಪುತ್ತದೆ. ಮನುಷ್ಯನ ಕಿಣ್ವಗಳಲ್ಲೂ ಬಯೋಟಿನ್ ಕೂರುವ ಮಡಿಕೆ ಹೆಚ್ಚುಕಡಿಮೆ ಇದೇ. ವಿಕಾಸ ನೂರಾರು ಕೋಟಿ ವರ್ಷ ಈ ಬೀಗದ ವಿನ್ಯಾಸವನ್ನು ಕೈಬಿಡದೆ ಉಳಿಸಿಕೊಂಡಿರುವುದು ಸೋಜಿಗವೇ ಸರಿ.

ಬಿರ್‌ಎಗೆ ಇನ್ನೊಂದು ಉದ್ಯೋಗವೂ ಉಂಟು. 1970 ಮತ್ತು 80ರ ದಶಕಗಳಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಲನ್ ಕ್ಯಾಂಬೆಲ್, ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಕ್ಸ್ ಐಸನ್‌ಬರ್ಗ್ ಮೊದಲಾದವರು ಬ್ಯಾಕ್ಟೀರಿಯಾ ತನ್ನ ಬಯೋಟಿನ್ ತಯಾರಿಕೆಯನ್ನು ಹೇಗೆ ನಿಲ್ಲಿಸುತ್ತದೆ ಎಂಬುದನ್ನು ಬೆನ್ನಟ್ಟಿದ್ದರು. ಬಯೋಟಿನ್ ಬೆಸೆಯುವ ಕಿಣ್ವವೇ ಬಯೋಟಿನ್ ಕಾರ್ಖಾನೆಗೆ ಬೀಗ ಹಾಕುವ ಕಾವಲುಗಾರನೂ ಹೌದು ಎಂಬುದು ಆಗ ಹೊರಬಿತ್ತು. ಬೆಸೆಯಬೇಕಾದ ಪ್ರೊಟೀನುಗಳು ಮುಗಿದು, ಕೈಯಲ್ಲಿ ಕೆಂಡ ಹಿಡಿದು ನಿಂತ ಬಿರ್‌ಎಗಳು ಹೆಚ್ಚಾದಾಗ ಅವು ಎರಡೆರಡಾಗಿ ಜೊತೆಗೂಡುತ್ತವೆ. ಆ ಜೋಡಿ ಡಿಎನ್‌ಎ ಮೇಲೆ ಹೋಗಿ ಕುಳಿತು ಬಯೋಟಿನ್ ತಯಾರಿಸುವ ವಂಶವಾಹಿಗಳ ಬಾಯಿ ಮುಚ್ಚಿಸುತ್ತದೆ. ಜೊತೆಗಾರನನ್ನು ಹಿಡಿಯಲು ಬಳಸುವ ಮುಖವೂ, ಪ್ರೊಟೀನನ್ನು ಹಿಡಿಯಲು ಬಳಸುವ ಮುಖವೂ ಒಂದೇ ಎಂಬುದನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡೊರೊತಿ ಬೆಕೆಟ್ ಅವರ ತಂಡ ತೋರಿಸಿಕೊಟ್ಟಿತು. ಬೆಸುಗೆಯ ಕೆಲಸವಿದ್ದಷ್ಟು ಹೊತ್ತು ಆ ಮುಖ ಖಾಲಿ ಸಿಗದು, ಕಾರ್ಖಾನೆ ನಡೆಯುತ್ತದೆ. ಕೆಲಸ ಮುಗಿದರೆ ತಾನಾಗಿ ಬಾಗಿಲು ಬೀಳುತ್ತದೆ. ಪ್ರತ್ಯೇಕ ಮೇಲ್ವಿಚಾರಕನೇ ಬೇಡ. ಕಿಣ್ವದ ಮೂರು ಆಯಾಮದ ರಚನೆಯನ್ನು 1992ರಲ್ಲಿ ಬ್ರಯನ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಪ್ರಕಟಿಸಿದರು.

ಹದಿನೈದು ಮಣಿಗಳ ಬಾಲ

ಅವಿಡಿನ್ ಮತ್ತು ಬಯೋಟಿನ್ನಿನ ಗಟ್ಟಿ ನಂಟನ್ನು ಪ್ರಯೋಗಾಲಯದಲ್ಲಿ ಅಂಟಿನಂತೆ ಬಳಸಿಕೊಳ್ಳಬಹುದೆಂಬುದು 1970ರ ದಶಕದಿಂದಲೇ ಚಾಲ್ತಿಗೆ ಬಂದಿತ್ತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೇಯರ್ ವಿಲ್ಚೆಕ್ ಮತ್ತು ಎಡ್ವರ್ಡ್ ಬೇಯರ್ ಇದನ್ನು ಒಂದು ತಂತ್ರಜ್ಞಾನವಾಗಿಯೇ ಬೆಳೆಸಿದರು. ಪ್ರೊಟೀನಿಗೆ ಬಯೋಟಿನ್ ಅಂಟಿಸಿ, ಅದನ್ನು ಸ್ಟ್ರೆಪ್ಟವಿಡಿನ್ ಲೇಪಿಸಿದ ಯಾವ ಮೇಲ್ಮೈಗೆ ಬೇಕಾದರೂ ಕಟ್ಟಿಹಾಕಬಹುದು. ತೊಡಕಿದ್ದದ್ದು ಅಂಟಿಸುವುದರಲ್ಲಿ. ರಾಸಾಯನಿಕ ವಿಧಾನದಲ್ಲಿ ಬಯೋಟಿನ್ ಕಂಡಕಂಡ ಲೈಸೀನಿಗೆಲ್ಲ ಹತ್ತಿಕೊಳ್ಳುತ್ತದೆ. ಒಂದು ಪ್ರೊಟೀನಿಗೆ ಎರಡು, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಸೊನ್ನೆ. ಕೆಲಸ ಮಾಡುವ ಜಾಗಕ್ಕೇ ಅಂಟಿಕೊಂಡರಂತೂ ಆ ಪ್ರೊಟೀನು ಕೆಟ್ಟಂತೆಯೇ. ನಾಯಿಗೆ ಹಗ್ಗ ಕಟ್ಟಬೇಕೆಂದು ಹೋಗಿ ಬಾಯನ್ನೇ ಬಿಗಿದಂತೆ.

ಬಿರ್‌ಎಗೆ ಈ ಕೆಲಸ ವಹಿಸಿದರೆ ಒಂದೇ ಕಡೆ, ಒಂದೇ ಬಯೋಟಿನ್. ಆದರೆ ಅದು ಬಯಸುವ ಆಕಾರವನ್ನು ಒದಗಿಸಬೇಕಾದರೆ ಸುಮಾರು 75 ಅಮೈನೊ ಆಮ್ಲಗಳಷ್ಟು ದೊಡ್ಡ ಮಡಿಕೆಯನ್ನೇ ನಮ್ಮ ಪ್ರೊಟೀನಿನ ತುದಿಗೆ ಹೊಲಿಯಬೇಕಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಕ್ರೋನನ್ 1990ರಲ್ಲಿ ಹೀಗೆ ಮಾಡಿಯೂ ತೋರಿಸಿದ್ದರು. ಹೊರೆ ಮಾತ್ರ ದೊಡ್ಡದು.

1993ರಲ್ಲಿ ಕ್ಯಾಲಿಫೋರ್ನಿಯಾದ ಅಫಿಮ್ಯಾಕ್ಸ್ ಸಂಶೋಧನಾ ಸಂಸ್ಥೆಯ ಪೀಟರ್ ಶಾಟ್ಜ್ ಬೇರೆ ದಾರಿ ಹಿಡಿದರು. ಕಿಣ್ವ ಏನನ್ನು ಮೆಚ್ಚಬಹುದೆಂದು ಲೆಕ್ಕ ಹಾಕುವ ಬದಲು ಅದನ್ನೇ ಕೇಳಿಬಿಟ್ಟರು. ಮನಬಂದಂತೆ ಹೆಣೆದ ಅಪಾರ ಸಂಖ್ಯೆಯ ಪುಟ್ಟ ಪ್ರೊಟೀನು ಸರಗಳನ್ನು ಬ್ಯಾಕ್ಟೀರಿಯಾದೊಳಗೆ ಬಿರ್‌ಎ ಮುಂದೆ ಹರವಿ, ಬಯೋಟಿನ್ ಅಂಟಿದವುಗಳನ್ನಷ್ಟೇ ಹೆಕ್ಕಿ ತೆಗೆದು ಓದಿದರು. ಹದಿಮೂರು ಅಮೈನೊ ಆಮ್ಲಗಳ ಒಂದು ಮಾದರಿ ಹೊರಬಂತು. ಅಚ್ಚರಿಯೆಂದರೆ ಅದಕ್ಕೂ ಬಿರ್‌ಎಯ ಸಹಜ ಗಿರಾಕಿಯಾದ ಪ್ರೊಟೀನಿಗೂ ಸಾಲಿನಲ್ಲಿ ಹೇಳಿಕೊಳ್ಳುವಂಥ ಹೋಲಿಕೆಯೇ ಇರಲಿಲ್ಲ! ನಿಸರ್ಗದಲ್ಲಿ ಎಲ್ಲೂ ಇಲ್ಲದ ಪುಟ್ಟ ಸರವೊಂದು, ಇಡೀ ಮಡಿಕೆ ಮಾಡುವ ಕೆಲಸವನ್ನು ಮಾಡಿತು. ಅದನ್ನು ತಿದ್ದಿ ತೀಡಿ ಬಂದದ್ದೇ ಇಂದು 'ಅವಿಟ್ಯಾಗ್' ಎಂದು ಹೆಸರಾದ ಹದಿನೈದು ಮಣಿಗಳ ಬಾಲ. ಅದರಲ್ಲಿ ಹತ್ತನೆಯ ಮಣಿಯೇ ಲೈಸೀನ್. 1999ರಲ್ಲಿ ಬೆಕೆಟ್, ಶಾಟ್ಜ್ ಮತ್ತಿತರರು ನಡೆಸಿದ ಅಳತೆಗಳಲ್ಲಿ ಈ ಬಾಲಕ್ಕೆ ಬಯೋಟಿನ್ ಬೆಸೆಯುವ ವೇಗ ಸಹಜ ಪ್ರೊಟೀನಿನ ವೇಗಕ್ಕೆ ಸರಿಸಮಾನವಾಗಿತ್ತು.

ಇಂದು ಯಾವುದೇ ಪ್ರೊಟೀನಿನ ವಂಶವಾಹಿಗೆ ಈ ಹದಿನೈದು ಮಣಿಗಳ ಸಂಕೇತವನ್ನು ಸೇರಿಸಿ, ಪ್ರೊಟೀನನ್ನು ಶುದ್ಧೀಕರಿಸಿ, ಬಿರ್‌ಎ, ಬಯೋಟಿನ್, ಎಟಿಪಿ ಮತ್ತು ಒಂದಿಷ್ಟು ಮೆಗ್ನೀಸಿಯಂ ಹಾಕಿಟ್ಟರೆ ಸಾಮಾನ್ಯವಾಗಿ ಗಂಟೆಯೊಂದೆರಡರಲ್ಲಿ ಕೆಲಸ ಮುಗಿಯುತ್ತದೆ. ದ್ರಾವಣದಲ್ಲಿ ಉಪ್ಪು ಹೆಚ್ಚಾದರೆ ಕಿಣ್ವ ಮಂಕಾಗುತ್ತದೆ ಎಂಬುದನ್ನು ಹೊಸಬರು ಒಮ್ಮೆಯಾದರೂ ಕೆಟ್ಟು ಕಲಿಯುತ್ತಾರೆ.

ನಾಲ್ಕು ಕೈಗಳ ಬಲೆ

ಈ ಬಾಲದಿಂದ ಅತಿ ದೊಡ್ಡ ಲಾಭ ಪಡೆದದ್ದು ರೋಗನಿರೋಧಶಾಸ್ತ್ರ. ವೈರಸ್ ಹೊಕ್ಕ ಜೀವಕೋಶವನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳೇ ಟಿ-ಕೋಶಗಳು. ಪ್ರತಿಯೊಂದು ಟಿ-ಕೋಶಕ್ಕೂ ತನ್ನದೇ ಆದ ಒಂದು ಗುರಿ. ಸೋಂಕಿತ ಕೋಶವು ವೈರಸ್ಸಿನ ಪ್ರೊಟೀನಿನ ಚೂರೊಂದನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತದೆ. ಆ ತಟ್ಟೆ ಮತ್ತು ಚೂರನ್ನು ಒಟ್ಟಿಗೆ ಗುರುತಿಸಬಲ್ಲ ಟಿ-ಕೋಶ ಮಾತ್ರ ಎಚ್ಚರಗೊಳ್ಳುತ್ತದೆ. ರೋಗಿಯೊಬ್ಬನ ರಕ್ತದಲ್ಲಿ ಎಚ್‌ಐವಿಯನ್ನು ಗುರುತಿಸುವ ಟಿ-ಕೋಶಗಳು ಎಷ್ಟಿವೆ? ಲಸಿಕೆ ಹಾಕಿದ ಮೇಲೆ ಅವು ಹೆಚ್ಚಾದವೇ? ಇದನ್ನು ನೇರವಾಗಿ ಎಣಿಸುವ ದಾರಿ ಬಹುಕಾಲ ಇರಲಿಲ್ಲ. ತಟ್ಟೆಗೆ ಬಣ್ಣ ಕಟ್ಟಿ ರಕ್ತಕ್ಕೆ ಬಿಟ್ಟರಾಯಿತಲ್ಲ ಎನ್ನಬಹುದು. ಆದರೆ ತಟ್ಟೆ ಮತ್ತು ಟಿ-ಕೋಶದ ನಡುವಣ ಹಿಡಿತ ಬಲು ದುರ್ಬಲ. ಅಂಟಿದ ಕೆಲವೇ ಕ್ಷಣಗಳಲ್ಲಿ ಕಳಚಿಕೊಳ್ಳುತ್ತದೆ.

1996ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಆಕ್ಸ್‌ಫರ್ಡ್‌ನ ಆಂಡ್ರ್ಯೂ ಮೆಕ್‌ಮೈಕಲ್ ಮೊದಲಾದವರು ಕಂಡುಕೊಂಡ ಉಪಾಯ ಸರಳವಾಗಿತ್ತು. ತಟ್ಟೆಯ ಬುಡಕ್ಕೆ ಬಿರ್‌ಎ ಒಪ್ಪುವ ಬಾಲವನ್ನು ಜೋಡಿಸಿದರು. ಕಿಣ್ವ ಅದಕ್ಕೆ ಒಂದು ಬಯೋಟಿನ್ ಬೆಸೆಯಿತು. ಬಣ್ಣ ಹೊತ್ತ ಸ್ಟ್ರೆಪ್ಟವಿಡಿನ್ ಸೇರಿಸಿದಾಗ ಅದರ ನಾಲ್ಕು ಕೈಗಳು ನಾಲ್ಕು ತಟ್ಟೆಗಳನ್ನು ಹಿಡಿದುಕೊಂಡವು. ಒಂದು ತಟ್ಟೆ ಕಳಚಿದರೂ ಉಳಿದವು ಬಿಡವು. ಕಳಚಿದ್ದು ಮತ್ತೆ ಹತ್ತಿಕೊಳ್ಳಲು ಸಮಯ ಸಿಗುತ್ತದೆ. ದುರ್ಬಲವಾದ ಹಿಡಿತಗಳು ಒಟ್ಟುಗೂಡಿ ಗಟ್ಟಿಯಾದವು. ಇಲ್ಲಿ ಬಿರ್‌ಎಯ ಕಟ್ಟುನಿಟ್ಟೇ ಜೀವಾಳ. ಬಯೋಟಿನ್ ತಟ್ಟೆಯ ಮುಖಕ್ಕೆ ಅಂಟಿದ್ದರೆ ಟಿ-ಕೋಶಕ್ಕೆ ಕಾಣಿಸುತ್ತಿದ್ದುದು ತಟ್ಟೆಯ ಬೆನ್ನು. ಬುಡಕ್ಕೆ, ಒಂದೇ ಒಂದು ಅಂಟಿದ್ದರಿಂದ ನಾಲ್ಕೂ ಮುಖಗಳು ಹೊರಗೆ ತಿರುಗಿ ನಿಂತವು.

ಇದನ್ನು 'ಟೆಟ್ರಾಮರ್' ಎನ್ನುತ್ತಾರೆ. ಎಣಿಕೆ ಶುರುವಾದೊಡನೆ ಹಳೆಯ ಅಂದಾಜುಗಳು ತಲೆಕೆಳಗಾದವು. ಸೋಂಕಿನ ವೇಳೆ ಆಯಾ ವೈರಸ್ಸನ್ನು ಗುರುತಿಸುವ ಟಿ-ಕೋಶಗಳು ತೀರ ವಿರಳವೆಂದೇ ಹಿಂದಿನ ವಿಧಾನಗಳು ಹೇಳುತ್ತಿದ್ದವು. ಆದರೆ ಎಪ್‌ಸ್ಟೀನ್-ಬಾರ್ ವೈರಸ್ಸಿನ ತೀವ್ರ ಸೋಂಕಿನಲ್ಲಿ ರಕ್ತದ ಕೊಲ್ಲುವ ಟಿ-ಕೋಶಗಳಲ್ಲಿ ಶೇ. 44ರವರೆಗೂ ಆ ವೈರಸ್ಸಿನ ಒಂದೇ ಚೂರನ್ನು ಗುರುತಿಸುವಂಥವೇ ಇರಬಹುದೆಂದು 1998ರಲ್ಲಿ ಟೆಟ್ರಾಮರ್ ತೋರಿಸಿತು. ದೇಹ ಮಾಡುತ್ತಿದ್ದ ಯುದ್ಧದ ಗಾತ್ರವೇ ಅದುವರೆಗೆ ಗೊತ್ತಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವನ್ನು ಸ್ಥಾಪಿಸಿದವು. ಮುಂದೆ ಕೋವಿಡ್ ಸೋಂಕು ಮತ್ತು ಲಸಿಕೆಗಳ ನಂತರ ಟಿ-ಕೋಶಗಳ ನೆನಪು ಎಷ್ಟು ಕಾಲ ಉಳಿಯುತ್ತದೆ ಎಂಬ ಅಧ್ಯಯನಗಳಲ್ಲೂ ಈ ಬಲೆ ಬಳಕೆಯಾಯಿತು.

ಬಯೋಟಿನ್-ಸ್ಟ್ರೆಪ್ಟವಿಡಿನ್ ನಂಟು ಆಸ್ಪತ್ರೆಗಳ ರಕ್ತಪರೀಕ್ಷೆಗಳಲ್ಲೂ ಇದೆ, ಮತ್ತು ಅಲ್ಲಿ ಅದು ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಥೈರಾಯಿಡ್ ಹಾರ್ಮೋನು, ಹೃದಯಾಘಾತದ ಸುಳಿವು ಕೊಡುವ ಟ್ರೋಪೊನಿನ್ ಮೊದಲಾದವನ್ನು ಅಳೆಯುವ ಹಲವು ಯಂತ್ರಗಳು ಈ ಅಂಟನ್ನೇ ನೆಚ್ಚಿಕೊಂಡಿವೆ. ವಯಸ್ಕರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಕೂದಲು, ಉಗುರು ಚೆನ್ನಾಗಲೆಂದು ಮಾರುವ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುವುದುಂಟು. ರಕ್ತದಲ್ಲಿ ಉಕ್ಕುವ ಆ ಬಯೋಟಿನ್ ಪರೀಕ್ಷೆಯ ಸ್ಟ್ರೆಪ್ಟವಿಡಿನ್ನನ್ನು ಮೊದಲೇ ಆಕ್ರಮಿಸಿಕೊಂಡರೆ ಫಲಿತಾಂಶ ಏರುಪೇರಾಗುತ್ತದೆ. ಟ್ರೋಪೊನಿನ್ ಇದ್ದದ್ದಕ್ಕಿಂತ ಕಡಿಮೆಯಾಗಿ ತೋರಿ, ಒಬ್ಬ ರೋಗಿ ಮೃತಪಟ್ಟ ವರದಿಯನ್ನು ಉಲ್ಲೇಖಿಸಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿತು. 2019ರಲ್ಲಿ ಮತ್ತೆ ನೆನಪಿಸಿತು. ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮುನ್ನ ವೈದ್ಯರಿಗೆ ಆ ವಿಷಯ ಹೇಳಬೇಕು. ಮಾತ್ರೆಯ ಡಬ್ಬಿಯ ಮೇಲೆ ಇದನ್ನು ದೊಡ್ಡದಾಗಿ ಮುದ್ರಿಸುವುದು ಒಳಿತು.

ಇಕ್ಕಳ ಸಡಿಲವಾದಾಗ

ಬಿರ್‌ಎಯ ಶಿಸ್ತು ನಿಂತಿರುವುದು ಕೆಂಡವನ್ನು ಬಿಗಿಯಾಗಿ ಹಿಡಿಯುವುದರ ಮೇಲೆ ಎಂದೆವಷ್ಟೆ. 118ನೆಯ ಸ್ಥಾನದ ಆರ್ಜಿನೀನ್ ಬದಲಿಗೆ ಗ್ಲೈಸೀನ್ ಇಟ್ಟರೆ ಈ ಇಕ್ಕಳ ಸಡಿಲವಾಗುತ್ತದೆ. ಕಿಣ್ವ ಬಯೋಟಿನ್ನನ್ನು ಚುರುಕಾಗಿಸುತ್ತದೆ, ಆದರೆ ಹಿಡಿದಿಟ್ಟುಕೊಳ್ಳಲಾರದು. ಚುರುಕು ಬಯೋಟಿನ್ ಹೊರಗೆ ಸೋರಿ ಪಕ್ಕದಲ್ಲಿದ್ದ ಯಾರ ಲೈಸೀನಿಗಾದರೂ ಅಂಟಿಬಿಡುತ್ತದೆ. ಈ ರೂಪದ ಬಿರ್‌ಎ ಹೀಗೆ ಮನಸೋ ಇಚ್ಛೆ ಬಯೋಟಿನ್ ಹಚ್ಚುವುದನ್ನು 2004ರಲ್ಲಿ ಕ್ರೋನನ್ ಅವರ ತಂಡ ವರದಿ ಮಾಡಿತು.

ಕೆಟ್ಟ ಕಿಣ್ವವೆಂದು ಮೂಲೆಗೆ ಎಸೆಯಬಹುದಾಗಿದ್ದ ಇದನ್ನು 2012ರಲ್ಲಿ ಕೈಲ್ ರೂ, ಬ್ರಯನ್ ಬರ್ಕ್ ಮತ್ತು ಸಂಗಡಿಗರು ಹೊಸ ಕೆಲಸಕ್ಕೆ ಹಚ್ಚಿದರು. ಓಕುಳಿಯ ದಿನ ಬಣ್ಣದ ಬುಟ್ಟಿ ಹೊತ್ತವನೊಬ್ಬನನ್ನು ಗುಂಪಿನಲ್ಲಿ ಬಿಟ್ಟರೆ ಸಂಜೆ ಯಾರ ಅಂಗಿ ಕೆಂಪಾಗಿದೆಯೆಂದು ನೋಡಿ ಅವನ ಸುತ್ತ ಯಾರಿದ್ದರೆಂದು ಹೇಳಬಹುದು. ಹಾಗೆಯೇ ತಮಗೆ ಕುತೂಹಲವಿರುವ ಪ್ರೊಟೀನಿಗೆ ಸಡಿಲ ಬಿರ್‌ಎಯನ್ನು ಕಟ್ಟಿ ಜೀವಂತ ಕೋಶದೊಳಗೆ ಬಿಡುವುದು. ಸುಮಾರು ಹತ್ತು ನ್ಯಾನೊಮೀಟರ್ ಆಸುಪಾಸಿನಲ್ಲಿ ಸುಳಿದಾಡಿದ ಪ್ರೊಟೀನುಗಳಿಗೆಲ್ಲ ಬಯೋಟಿನ್ ಓಕುಳಿ ಬೀಳುತ್ತದೆ. ಬಳಿಕ ಕೋಶವನ್ನು ಒಡೆದು, ಸ್ಟ್ರೆಪ್ಟವಿಡಿನ್ ಮಣಿಗಳಿಂದ ಬಣ್ಣ ಬಿದ್ದವರನ್ನೆಲ್ಲ ಎಳೆದು ತೆಗೆದು ಗುರುತಿಸುವುದು. ಅವರು ಮೊದಲು ಆರಿಸಿಕೊಂಡದ್ದು ಕೋಶಕೇಂದ್ರದ ಒಳಗೋಡೆಗೆ ಆಧಾರವಾಗಿರುವ ಲ್ಯಾಮಿನ್-ಎ ಪ್ರೊಟೀನನ್ನು. ಅದು ಸುಲಭವಾಗಿ ಕರಗದ ಕಾರಣ ಹಳೆಯ ವಿಧಾನಗಳಲ್ಲಿ ಅದರ ನೆರೆಹೊರೆಯವರು ಕೈಗೆ ಸಿಗುತ್ತಿರಲಿಲ್ಲ. ಈ ವಿಧಾನಕ್ಕೆ 'ಬಯೋಐಡಿ' ಎಂಬ ಹೆಸರಾಯಿತು.

ಅದರ ದೋಷವೆಂದರೆ ನಿಧಾನ. ಬಣ್ಣ ಬೀಳಲು ಹದಿನೈದು ಗಂಟೆಗೂ ಮಿಕ್ಕಿ ಬೇಕು. ಅಷ್ಟರಲ್ಲಿ ಕೋಶದೊಳಗೆ ಎಷ್ಟೋ ಬಂದುಹೋಗಿರುತ್ತದೆ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಲಿಸ್ ಟಿಂಗ್ ಅವರ ತಂಡ ಯೀಸ್ಟ್ ಕೋಶಗಳ ಮೇಲೆ ಬಿರ್‌ಎಯ ಅಸಂಖ್ಯ ರೂಪಗಳನ್ನು ಸ್ಪರ್ಧೆಗಿಳಿಸಿ, ಗೆದ್ದವುಗಳನ್ನು ಮತ್ತೆ ಮತ್ತೆ ಮಾರ್ಪಡಿಸಿ 'ಟರ್ಬೋಐಡಿ'ಯನ್ನು ಹೊರತಂದಿತು. ಹತ್ತೇ ನಿಮಿಷದಲ್ಲಿ ಅದು ಓಕುಳಿ ಮುಗಿಸುತ್ತದೆ. ನೊಣ ಮತ್ತು ಹುಳುಗಳ ದೇಹದೊಳಗೂ ಅದು ಕೆಲಸ ಮಾಡಿತು. ಆದರೆ ಈ ಆತುರಗಾರ ಕೋಶದ ಬಯೋಟಿನ್ನನ್ನೆಲ್ಲ ತಾನೇ ಮುಗಿಸಿಬಿಡುವ ಅಪಾಯವಿದೆ. ಪಕ್ಕದಲ್ಲಿದ್ದವರೆಲ್ಲ ಪಾಲುದಾರರಲ್ಲ ಎಂಬುದನ್ನೂ ಮರೆಯುವಂತಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ನೆಂಟರಾಗುವುದಿಲ್ಲ.

ಮನುಷ್ಯನ ಬಿರ್‌ಎ, ಕ್ಷಯದ ಬಿರ್‌ಎ

ಬಯೋಟಿನ್ ಬೆಸೆಯುವ ಕಿಣ್ವ ಮನುಷ್ಯನಲ್ಲೂ ಇದೆ. 726 ಅಮೈನೊ ಆಮ್ಲಗಳ, ಬಿರ್‌ಎಗಿಂತ ಎರಡು ಪಟ್ಟಿಗೂ ದೊಡ್ಡದಾದ ಇದಕ್ಕೆ ಹಾಲೋಕಾರ್ಬಾಕ್ಸಿಲೇಸ್ ಸಿಂಥಟೇಸ್ ಎಂದು ಹೆಸರು. ಡಿಎನ್‌ಎ ಹಿಡಿಯುವ ಬಿರ್‌ಎಯ ಭಾಗ ಇದರಲ್ಲಿಲ್ಲ. ಬೆಸುಗೆಯ ಭಾಗ ಮಾತ್ರ ಗುರುತಿಸಬಹುದಾದಷ್ಟು ಹೋಲುತ್ತದೆ. ಇದರ ವಂಶವಾಹಿ 21ನೆಯ ವರ್ಣತಂತುವಿನಲ್ಲಿದೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದ ಮಗುವಿನಲ್ಲಿ ಐದೂ ಕಿಣ್ವಗಳು ಒಟ್ಟಿಗೆ ಸೊರಗುತ್ತವೆ. ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮಗು ಹಾಲು ಕುಡಿಯದೆ ವಾಂತಿ ಮಾಡಿಕೊಳ್ಳಬಹುದು, ಏದುಸಿರು ಬಿಡಬಹುದು, ರಕ್ತದಲ್ಲಿ ಆಮ್ಲ ಏರಿ ಪ್ರಜ್ಞೆ ತಪ್ಪಬಹುದು. ಚರ್ಮದ ಮೇಲೆ ದದ್ದು ಏಳುತ್ತದೆ, ಕೂದಲು ಉದುರುತ್ತದೆ. ಬೋಸ್ ಅವರ ಇಲಿಗಳಿಗೆ ಆದದ್ದೇ ಇಲ್ಲೂ. ಅಲ್ಲಿ ಬಯೋಟಿನ್ ಸಿಗಲಿಲ್ಲ, ಇಲ್ಲಿ ಬೆಸೆಯುವ ಕೈ ನಡುಗುತ್ತಿದೆ.

ಚಿಕಿತ್ಸೆ ಬಯೋಟಿನ್ ಮಾತ್ರೆಯೇ. ಹಲವು ಮಕ್ಕಳಲ್ಲಿ ಕಿಣ್ವ ಸತ್ತಿರುವುದಿಲ್ಲ, ಬಯೋಟಿನ್ನನ್ನು ಹಿಡಿಯುವ ಬಲ ಕುಂದಿರುತ್ತದೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ, ಅಂದರೆ ವಯಸ್ಕನ ಅಗತ್ಯದ ನೂರಾರು ಪಟ್ಟು ಕೊಟ್ಟರೆ ಆ ದುರ್ಬಲ ಕೈಗೂ ಸಾಕಷ್ಟು ಸಿಗುತ್ತದೆ. ಬೇಗ ಗುರುತಿಸಿದರೆ ಬಹುತೇಕ ಮಕ್ಕಳು ಸ್ಪಂದಿಸುತ್ತಾರೆ, ಮಾತ್ರೆ ಜೀವನಪೂರ್ತಿ. ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ, ಕೆಲವರಲ್ಲಿ ಪೂರ್ಣ ಗುಣ ಕಾಣದು. ತಡವಾದರೆ ಮೆದುಳಿಗೆ ಆದ ಹಾನಿ ಮರಳಿ ಸರಿಹೋಗದು. ಬೆಸೆದ ಬಯೋಟಿನ್ನನ್ನು ಬಿಡಿಸಿ ಮರುಬಳಕೆಗೆ ಕೊಡುವ ಬಯೋಟಿನಿಡೇಸ್ ಕಿಣ್ವದ ಕೊರತೆ ಇದರ ಸೋದರ ಕಾಯಿಲೆ. ಅದು ಸುಮಾರು 60,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಅದನ್ನು ಪತ್ತೆಹಚ್ಚಬಹುದು. ಇಷ್ಟು ಅಗ್ಗದ ಮಾತ್ರೆಯಿಂದ ತಡೆಯಬಹುದಾದ ಅಂಗವೈಕಲ್ಯಗಳು ಹೆಚ್ಚಿಲ್ಲ.

ಕ್ಷಯದ ಬ್ಯಾಕ್ಟೀರಿಯಾಕ್ಕೂ ತನ್ನದೇ ಬಿರ್‌ಎ ಇದೆ. ಕೊಬ್ಬಿನಿಂದ ಕಟ್ಟಿದ ದಪ್ಪ ಮೇಣದ ಗೋಡೆಯೇ ಈ ಬ್ಯಾಕ್ಟೀರಿಯಾದ ಕವಚ. ಹಲವು ಔಷಧಗಳು ಒಳನುಗ್ಗದಂತೆ ತಡೆಯುವುದು ಅದೇ. ಆ ಕೊಬ್ಬು ತಯಾರಾಗಬೇಕಾದರೆ ಬಯೋಟಿನ್ ಹೊತ್ತ ಕಿಣ್ವಗಳು ಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇರುವುದರಿಂದ ಇಲ್ಲಿನ ವಿಜ್ಞಾನಿಗಳಿಗೂ ಇದರಲ್ಲಿ ಸಹಜ ಆಸಕ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ದೀರ್ಘಕಾಲದ ನಂಟಿರುವ ಅವಧೇಶ ಸುರೋಲಿಯಾ ಮತ್ತು ಸಹವರ್ತಿಗಳು ಕ್ಷಯದ ಈ ಕಿಣ್ವ ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದರು. 2011ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕೋರ್ಟ್ನಿ ಆಲ್ಡ್ರಿಚ್ ಅವರ ತಂಡ ಬಯೋಟಿನ್-ಎಎಂಪಿ ಜೋಡಿಯನ್ನೇ ಹೋಲುವ, ಆದರೆ ಎಂದಿಗೂ ಬೇರ್ಪಡದ ನಕಲಿ ಅಣುವೊಂದನ್ನು ತಯಾರಿಸಿತು. ಕಿಣ್ವ ಅದನ್ನು ಕೆಂಡವೆಂದು ತಿಳಿದು ಹಿಡಿಯುತ್ತದೆ. ಬೆಸೆಯಲಾರದು, ಬಿಡಲೂ ಆರದು. ಪ್ರಯೋಗಾಲಯದಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಅದು ತಡೆಯಿತು. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಸೋಂಕು ತಗುಲಿದ ಇಲಿಗಳ ಒಳಗಿದ್ದ ಬ್ಯಾಕ್ಟೀರಿಯಾದಲ್ಲಿ ಈ ಕಿಣ್ವ ಇಲ್ಲವಾಗುವಂತೆ ಮಾಡಿದಾಗ ಅವು ಸತ್ತವು. ಕಿಣ್ವ ಕುಂದಿದ ಬ್ಯಾಕ್ಟೀರಿಯಾದ ಮೇಲೆ ರಿಫಾಂಪಿಸಿನ್‌ನ ಹೊಡೆತವೂ ಜೋರಾಯಿತು.

ಔಷಧವಾಗುವ ಹಾದಿ ಇನ್ನೂ ಉದ್ದವಿದೆ. ನಕಲಿ ಕೆಂಡ ಬ್ಯಾಕ್ಟೀರಿಯಾದ ಕಿಣ್ವದ ಕೈಗೆ ಮಾತ್ರ ಸಿಗಬೇಕು. ರೋಗಿಯ ಸ್ವಂತ ಬೆಸುಗೆಗಾರನ ಕೈಗೆ ಅದು ಸಿಕ್ಕರೆ, ಹುಟ್ಟಿನಿಂದ ಆ ಕಿಣ್ವ ಕೆಟ್ಟ ಮಕ್ಕಳಲ್ಲಿ ಕಾಣುವ ತೊಂದರೆಗಳನ್ನೇ ಮದ್ದು ತಂದೊಡ್ಡಬಹುದು. ಎರಡೂ ಕಿಣ್ವಗಳ ಇಕ್ಕಳಗಳ ನಡುವೆ ಇರುವ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದೇ ರಸಾಯನವಿಜ್ಞಾನಿಗಳು ಈ ಅಣುವಿನ ಹೊಸ ಹೊಸ ರೂಪಗಳನ್ನು ಕಟ್ಟಿ ಪರೀಕ್ಷಿಸುತ್ತ ಬಂದಿದ್ದಾರೆ.